ಸಾಲು, ಸಾಲ

ಗಡಿಯ ಗೇಟಿಗೆ ಇನ್ನೂ ಇನ್ನೂರು ಕಾರು.
ಸಾನ್ ಲೂಯಿಸ್ ಊರಿನ ಜುಲೈ,
ಹನ್ನೊಂದು ಗಂಟೆಗೇ ನಲವತ್ತಮೂರು ಡಿಗ್ರಿ.
ಐಸು ಹೆರೆದು ಮಾರುವ ಹುಡುಗ ಕಾಲೆತ್ತಿದರೆ
ಡಾಂಬರು ಚಪ್ಪಲಿಗೆ ಅಂಟಿ ಬರುತ್ತದೆ.

ಒಂಬತ್ತು ಬೇಸಿಗೆ ಇದೇ ಸಾಲಿನಲ್ಲಿ
ಹೀಟರ್ ಹಾಕಿಕೊಂಡು ಕೂತಿದ್ದೇನೆ.
ನಗಬೇಡಿ.
ಎಂಜಿನ್ನಿನ ಜ್ವರ ನಮ್ಮ ಮೊಣಕಾಲಿಗೆ ಇಳಿದರೆ
ಮುಳ್ಳು ಕೆಂಪು ಗೆರೆಯ ಈಚೆ ನಿಲ್ಲುತ್ತದೆ.
ಅಮ್ಮ ಒದ್ದೆ ಟವಲ್ಲು ತಲೆಗೆ ಹೊದ್ದು
ಒಂದು ಕಣ್ಣು ಮುಚ್ಚಿ ಕೂರುತ್ತಿದ್ದಳು,
ಆ ಕಣ್ಣಿಗೇ ತಿಂಗಳಿಗೊಂದು ಸೂಜಿ, ಆಚೆ ಯೂಮಾದಲ್ಲಿ.
ಅವಳು ಹುಟ್ಟಿದ್ದು ಆ ಕಡೆ, ನಾನು ಈ ಕಡೆ,
ಮಧ್ಯೆ ಎಪ್ಪತ್ತನಾಲ್ಕರ ಫೋರ್ಡ್ ಪಿಕಪ್ಪು.

ಹೋದ ತಿಂಗಳು ನನ್ನ ತಮ್ಮ ಗುಮಾರೋ
ಹಳೇ ಕಬ್ಬಿಣದ ಫ್ಯಾನು ಕಿತ್ತು
ಯಾವುದೋ ಸತ್ತ ಕಾರಿನ ಕರೆಂಟ್ ಫ್ಯಾನು ಕೂರಿಸಿದ.
ಎಂಥ ಗಾಳಿ! ಬಾನೆಟ್ಟಿನೊಳಗೆ ವಿಮಾನ.
ನಲವತ್ತು ನಿಮಿಷ.
ಆಮೇಲೆ ರೇಡಿಯೊ ತೊದಲಿತು,
ಇಂಡಿಕೇಟರು ಮಿಟುಕುವುದನ್ನು ಮರೆತು
ಕಣ್ಣು ಬಿಟ್ಟುಕೊಂಡೇ ನಿಂತಿತು,
ಫ್ಯಾನು ಊಟವಾದ ಮೇಲಿನ ಗುಮಾಸ್ತನ ಹಾಗೆ ಆಕಳಿಸಿತು.
ಕಾವಲಿನವನ ಕಿಟಕಿಯ ಎದುರಿಗೇ ಗಾಡಿ ಆರಿಹೋಯಿತು.
ಹಿಂದೆ ಮುನ್ನೂರು ಹಾರ್ನು.

ಗುಜರಿಯ ದೋನ್ ಕ್ರಿಸ್ಪೀನ್
ಮೀಟರಿನ ಎರಡು ಕಡ್ಡಿ ಇಟ್ಟು ಹೇಳಿದ:
‘ಫ್ಯಾನು ಕೇಳುವುದು ಮೂವತ್ತೈದು ಆಂಪಿಯರ್.
ನಿಂತ ಗಾಡಿಯಲ್ಲಿ ನಿನ್ನ ಆಲ್ಟರ್ನೇಟರ್ ದುಡಿಯುವುದು
ಎಲ್ಲ ಸೇರಿ ಇಪ್ಪತ್ತೆರಡು.
ಉಳಿದದ್ದು ಬ್ಯಾಟರಿಯ ಹತ್ತಿರ ಕೈಗಡ.
ಓಡುವಾಗ ತೀರಿಸಬಹುದು.
ಸಾಲಿನಲ್ಲಿ ನಿಂತರೆ ಬರೀ ಸಾಲ.’

ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಲ್ಲ ಮಾರಾಯ,
ಹಳೇ ಫ್ಯಾನೇ ಹಾಕಿಬಿಡು ಅಂದೆ.
‘ಅದನ್ನು ನಿನ್ನ ತಮ್ಮ
ಕಿಲೋಗೆ ಆರು ಪೆಸೊದಂತೆ ನನಗೇ ಮಾರಿದ.
ಕರಗಿಯೂ ಹೋಯಿತು.
ಈಗ ಹಾಸಿಗೆಯನ್ನೇ ಉದ್ದ ಹೊಲಿಯೋಣ.’

ಲಿಂಕನ್ ಕಾರೊಂದರ ಹೊಟ್ಟೆಯಿಂದ ಬಿಚ್ಚಿ ತಂದ,
ನೂರಮೂವತ್ತು ಆಂಪಿಯರ್, ಎಳೇ ಕಲ್ಲಂಗಡಿಯಷ್ಟು ಭಾರ.
ಬ್ರಾಕೆಟ್ಟಿನ ಕಿವಿ ಅರೆದ.
ಬೆಲ್ಟು ಒಂದಂಗುಲ ಗಿಡ್ಡದು ಬೇಕಾಯಿತು,
ಅದಕ್ಕೆ ಗುಮಾರೋ ಸೈಕಲ್ಲಿನಲ್ಲಿ ಮೂರು ಅಂಗಡಿ ಅಲೆದ.
ಬಂದವನೇ ಹಳೇ ವೈರನ್ನೇ ಸಿಕ್ಕಿಸಿ
ಕೀ ತಿರುಗಿಸಲು ಹೋದಾಗ
ಮುದುಕ ಅವನ ಮಣಿಕಟ್ಟು ಹಿಡಿದ:
‘ಸ್ಟ್ರಾದೊಳಗೆ ಕಾಲುವೆ ಹರಿಸುತ್ತೀಯೇನೋ?’

ಬೆರಳು ದಪ್ಪದ ತಾಮ್ರ, ನೇರ ಬ್ಯಾಟರಿಗೆ.
ನಡುವೆ ಒಂದು ಫ್ಯೂಸು,
ಬೆಂಕಿ ಬಂದರೆ ಮೊದಲು ತಾನು ಸಾಯುತ್ತೇನೆಂದು
ಒಪ್ಪಿಕೊಂಡು ಕೂತವನು.
ಕೂಲಿ ಎರಡು ಸಾವಿರದ ಇನ್ನೂರು ಪೆಸೊ
ಮತ್ತು ಅಮ್ಮ ಕಳಿಸಿದ ಖರ್ಜೂರ.
ಖರ್ಜೂರ ಎಣಿಸಲಿಲ್ಲ, ದುಡ್ಡನ್ನು ಎರಡು ಸಲ ಎಣಿಸಿದ.

ಇವತ್ತು ಸಾಲಿನಲ್ಲಿ ಎರಡೂಕಾಲು ಗಂಟೆ.
ಫ್ಯಾನು ಶುರುವಾದಾಗ ದೀಪ ಒಮ್ಮೆ ರೆಪ್ಪೆ ಇಳಿಸಿ ಎತ್ತುತ್ತದೆ,
ಅಷ್ಟೇ.
ಡ್ಯಾಶ್‌ಬೋರ್ಡಿಗೆ ಅಂಟಿಸಿದ ಪುಟ್ಟ ಮೀಟರಿನಲ್ಲಿ
ಹದಿಮೂರು ಪಾಯಿಂಟ್ ಎಂಟು.
ಅಮ್ಮ ಟವಲ್ಲನ್ನು ಮಡಚಿ ತೊಡೆಯ ಮೇಲಿಟ್ಟು
ರೇಡಿಯೊ ಜೋರು ಮಾಡು ಅಂದಳು.

ಪಕ್ಕದ ಸಾಲಿನಲ್ಲಿ ಒಂದು ನಿಸ್ಸಾನ್
ಇಡ್ಲಿ ಪಾತ್ರೆಯಂತೆ ಉಗಿ ಬಿಡುತ್ತಿದೆ.
ಅದರ ಹುಡುಗ ಷರ್ಟು ಕಳಚಿ ಕೈಗೆ ಸುತ್ತಿ
ರೇಡಿಯೇಟರಿನ ಮುಚ್ಚಳಕ್ಕೆ ಬಗ್ಗಿದ.
‘ಮುಟ್ಟಬೇಡ! ಆರಲಿ!’ ಕೂಗಿದ್ದು ಅಮ್ಮ,
ಅರ್ಧ ಮೈ ಕಿಟಕಿಯ ಹೊರಗೆ.
‘ಆರಿದ ಮೇಲೆ ಹೀಟರ್ ಹಾಕಿಕೊಂಡು ಹೋಗು ಮಗನೇ, ಹೀಟರ್!’
ಅವನು ಹುಚ್ಚಿಯನ್ನು ನೋಡುವಂತೆ ನೋಡಿದ.

ಇನ್ನು ಹದಿನೆಂಟು ಕಾರು.
ಮುಳ್ಳು ಇದ್ದಲ್ಲೇ ಇದೆ.
ಆದರೂ ನನ್ನ ಬಲಗೈ
ಆಗಾಗ ತಾನೇ ಹೋಗಿ
ಹೀಟರಿನ ಹಿಡಿಯನ್ನು ಮುಟ್ಟಿ ಬರುತ್ತದೆ.